ಸ್ವಸಂತೋಷದಿಂದ ಬಿಟ್ಟ ಕೆಲಸ

ಮರ್ಸರ್ ಬಂದರು, ನ್ಯೂಫೌಂಡ್‌ಲ್ಯಾಂಡ್
11 ಜುಲೈ 1994

ಅಪ್ಪನಿಗೆ,

ನಾನು ಕ್ಷೇಮ. ನೀವೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ. ವಯೋಲೆಟ್ ಅಕ್ಕನ ಕೈಯಲ್ಲಿ ಕಳಿಸಿದ ಜಾಮು ತಲುಪಿತು. ಒಂದು ಶೀಶೆ ದೋಣಿಯಲ್ಲೇ ಒಡೆದಿತ್ತು. ಉಳಿದದ್ದನ್ನು ನಾನೂ ಕೋಣೆಯ ಗೆಳತಿ ಮರ್ಟಲಳೂ ಎರಡೇ ದಿನಕ್ಕೆ ಮುಗಿಸಿದೆವು.

ನಿಮ್ಮಿಂದ ಒಂದು ಕೆಲಸ ಆಗಬೇಕು. ನಾನು ಏಡಿ ಕಾರ್ಖಾನೆ ಬಿಡುತ್ತಿದ್ದೇನೆ. ಋತು ಮುಗಿಯುವವರೆಗೆ ಕಾಯುವುದಿಲ್ಲ, ಈ ತಿಂಗಳ ಕೊನೆಗೇ ಬಿಡುತ್ತೇನೆ. ಬಾಯಲ್ಲಿ ಹೇಳಿದರೆ ಆಗದು, ಬರೆದು ಕೊಡು ಎನ್ನುತ್ತಾನೆ ಮೇಸ್ತ್ರಿ. ಎರಡು ಸಲ ಬರೆಯಲು ಕುಳಿತೆ. ನಾಲ್ಕನೆಯ ಸಾಲಿಗೆ ಬಂದು ಹರಿದು ಹಾಕಿದೆ. ನಿಮ್ಮ ಹಾಗೆ ಬರೆಯುವವರು ಈ ಕರಾವಳಿಯಲ್ಲೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಒಂದು ರಾಜೀನಾಮೆ ಬರೆದು ಕಳಿಸಿ, ನಾನು ನಕಲು ಮಾಡಿ ಸಹಿ ಹಾಕುತ್ತೇನೆ. ಆಮೇಲೆ ಬೇರೆ ಕೆಲಸ ಸಿಗುವವರೆಗೆ ನಿರುದ್ಯೋಗ ವಿಮೆಗೆ ಅರ್ಜಿ ಹಾಕಬೇಕು. ಅದಕ್ಕೆ ಬೇಕಾದಷ್ಟು ವಾರಗಳ ದುಡಿಮೆ ನನ್ನ ಹೆಸರಿಗಿದೆ. ಚಳಿಗಾಲ ಕಳೆಯಲು ನನಗೆ ಅದೊಂದೇ ದಾರಿ.

ಯಾಕೆ ಬಿಡುತ್ತೀ ಎಂದು ಮಾತ್ರ ಕೇಳಬೇಡಿ.

ನಿಮ್ಮ ಮಗಳು,
ಡ್ರುಸಿಲಾ


ಸ್ಕಲ್ಪಿನ್ ಕೋವ್
18 ಜುಲೈ 1994

ಚಿರಂಜೀವಿ ಡ್ರುಸಿಲಾಳಿಗೆ ತಂದೆ ಹೆಜೆಕಾಯ ಪಾರ್ಡಿ ಮಾಡುವ ಆಶೀರ್ವಾದಗಳು.

ನಿನ್ನ ಪತ್ರವು ಕೈಸೇರಿ ಪರಮಾಶ್ಚರ್ಯವಾಯಿತು. ತಾಯಿಯನ್ನು ಮಣ್ಣು ಮಾಡಿದ ಮರುವಾರ ನೀನು ಈ ಮನೆಯಿಂದ ಹೊರಟೆ. ಅಲ್ಲಿಂದೀಚಿನ ಹನ್ನೊಂದು ವರ್ಷಗಳಲ್ಲಿ ನೀನು ನನ್ನಿಂದ ಅಪೇಕ್ಷಿಸಿದ ಪ್ರಥಮ ಸಹಾಯ ಇದು. ಕಾರಣ ಕೇಳಬೇಡವೆಂದಿದ್ದೀಯೆ, ಕೇಳುವುದಿಲ್ಲ. ಪಾರ್ಡಿ ವಂಶದವರು ಹೋದಹೋದಲ್ಲಿ ಕಾರಣ ಒಪ್ಪಿಸಿ ಬದುಕಿದವರಲ್ಲ.

ನಿನ್ನ ಕೋರಿಕೆಯು ಸರಿಯಾದ ಬಾಗಿಲಿಗೇ ಬಂದಿದೆಯೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹದಿನಾರನೆಯ ವಯಸ್ಸಿನಲ್ಲಿ, ಉಪ್ಪುಮೀನಿನ ವರ್ತಕರ ಗುಮಾಸ್ತರ ಬಳಿಯಿದ್ದ ಮಾದರಿ ಅರ್ಜಿಗಳ ಪುಸ್ತಕವನ್ನು ಎರಡು ಚಳಿಗಾಲ ಕುಳಿತು ಅಕ್ಷರಕ್ಕೆ ಅಕ್ಷರ ನಕಲು ಮಾಡಿಕೊಂಡವನು ನಾನು. ಆ ನಕಲಿನ ಬಲದಿಂದ ಈ ಊರಿಗೆ ದೋಣಿ ಕಟ್ಟುವ ಧಕ್ಕೆ ಬಂತು, ದೀಪಸ್ತಂಭ ಬಂತು, ಹನ್ನೆರಡು ವಿಧವೆಯರಿಗೆ ಮಾಸಾಶನ ಬಂತು. ನನ್ನ ಕೈಯಿಂದ ಹೊರಟ ಕಾಗದವೊಂದು ತಿರಸ್ಕೃತವಾಗಿ ಮರಳಿದ್ದು ಈವರೆಗೆ ಇಲ್ಲ. ನಿನ್ನ ರಾಜೀನಾಮೆಯನ್ನು ಕೆಳಗೆ ಬರೆದಿದ್ದೇನೆ. ಒಂದು ಅಲ್ಪವಿರಾಮವನ್ನೂ ಬದಲಿಸದೆ ನಕಲು ಮಾಡತಕ್ಕದ್ದು.

"ಮಾನ್ಯ ವ್ಯವಸ್ಥಾಪಕ ಮಹಾಶಯರ ಸನ್ನಿಧಿಗೆ: ಡ್ರುಸಿಲಾ ಪಾರ್ಡಿ ಆದ ನಾನು ಅತ್ಯಂತ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಘನ ಕಾರ್ಖಾನೆಯಲ್ಲಿ ಇದುವರೆಗೆ ದೊರೆತ ಆಶ್ರಯಕ್ಕೆ ಚಿರಋಣಿಯಾಗಿದ್ದು, ಯಾರೊಬ್ಬರ ಬಲವಂತವಾಗಲಿ ಪ್ರೇರಣೆಯಾಗಲಿ ಇಲ್ಲದೆ, ಕೆಲಸದ ಬಗೆಗಾಗಲಿ ಸ್ಥಳದ ಬಗೆಗಾಗಲಿ ಮೇಲಿನವರ ಬಗೆಗಾಗಲಿ ಲೇಶಮಾತ್ರವೂ ದೂರಿಲ್ಲದೆ, ಪೂರ್ಣ ಆರೋಗ್ಯದಿಂದಲೂ ಸ್ವಸ್ಥ ಬುದ್ಧಿಯಿಂದಲೂ, ಸ್ವಸಂತೋಷದಿಂದ ನನ್ನ ಕೆಲಸವನ್ನು ಬಿಟ್ಟುಕೊಡುತ್ತಿದ್ದೇನೆ."

ಓದಿ ನೋಡು. ಗಾಳಿ ಹಿಡಿದ ಹಾಯಿಯಂತೆ ಸಾಗುತ್ತದೆ. ವಿಮೆಯ ವಿಷಯದಲ್ಲಿ ಚಿಂತೆ ಬೇಡ. ತಾನಾಗಿ ಕೆಲಸ ಬಿಟ್ಟವರಿಗೆ ಆರು ವಾರ ದಂಡವಾಗಿ ತಡೆಹಿಡಿದು, ಆನಂತರ ಕೊಡುತ್ತಾರೆ. ಕಾನೂನು ನನಗೆ ಗೊತ್ತು. ಗೊಣಗಿಕೊಂಡು ಹೋದಳೆಂಬ ಹೆಸರು ಮಾತ್ರ ಬೇಡ. ನಿನ್ನ ತಾಯಿ ಸೆಲೀನಾ ಇಲ್ಲಿಯ ಕಾರ್ಖಾನೆಯಲ್ಲಿ, ಮೇಸ್ತ್ರಿಯಾಗಿದ್ದ ನನ್ನ ಕೈಕೆಳಗೇ, ಹನ್ನೊಂದು ಋತು ಏಡಿ ಒಡೆದಳು. ಒಂದು ದೂರು ಹೇಳಿದವಳಲ್ಲ.

ಇತಿ ನಿನ್ನ ಹಿತಚಿಂತಕನಾದ ತಂದೆ,
ಹೆಜೆಕಾಯ ಪಾರ್ಡಿ


ನಿರುದ್ಯೋಗ ವಿಮಾ ಕಚೇರಿ
12 ಸೆಪ್ಟೆಂಬರ್ 1994

ಕುಮಾರಿ ಡ್ರುಸಿಲಾ ಪಾರ್ಡಿ ಅವರಿಗೆ,

ನಿರುದ್ಯೋಗ ಭತ್ಯೆ ಕೋರಿ ನೀವು ಸಲ್ಲಿಸಿದ ಅರ್ಜಿಯನ್ನು ಪರಿಶೀಲಿಸಲಾಗಿದೆ. 1993ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಸಮಂಜಸ ಕಾರಣವಿಲ್ಲದೆ ತಾವಾಗಿ ಕೆಲಸ ಬಿಟ್ಟವರಿಗೆ ಯಾವ ಭತ್ಯೆಯೂ ಸಲ್ಲುವುದಿಲ್ಲ. ಯಾರ ಬಲವಂತವೂ ಇಲ್ಲದೆ, ಯಾವ ದೂರೂ ಇಲ್ಲದೆ, ಪೂರ್ಣ ಆರೋಗ್ಯದಿಂದ, ಸ್ವಸಂತೋಷದಿಂದ ಕೆಲಸ ಬಿಟ್ಟಿರುವುದಾಗಿ ನಿಮ್ಮ ಸಹಿಯುಳ್ಳ ರಾಜೀನಾಮೆಯಲ್ಲಿ ನೀವೇ ಬರೆದಿದ್ದೀರಿ. ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.

ಈ ತೀರ್ಮಾನವನ್ನು ಒಪ್ಪದಿದ್ದಲ್ಲಿ ಮೂವತ್ತು ದಿನಗಳೊಳಗೆ ಮೇಲ್ಮನವಿ ಮಂಡಳಿಗೆ ಬರೆದುಕೊಳ್ಳಬಹುದು.

ಅಧಿಕಾರಿ, ಅರ್ಜಿಗಳ ವಿಭಾಗ


ಮರ್ಸರ್ ಬಂದರು
16 ಸೆಪ್ಟೆಂಬರ್ 1994

ಅಪ್ಪನಿಗೆ,

ಅವರ ಉತ್ತರವನ್ನು ಇದರ ಜೊತೆ ಇಟ್ಟಿದ್ದೇನೆ. ನಾಲ್ಕು ಸಲ ಓದಿದೆ. ಆರು ವಾರ ತಡೆಯುವುದಲ್ಲ, ಪೂರ್ತಿ ಇಲ್ಲ. ಮರ್ಟಲ್ ಓದಿ, "ಇದೇನೇ ಡ್ರು, ಕೆಲ್ಸ ಬಿಡೋ ಕಾಗ್ದಾನೋ ಮದುವೆ ಕರೆಯೋಲೇನೋ? ಇಷ್ಟೊಂದು ಸಂತೋಷ ಯಾರಿಗೆ ಆಗಿತ್ತು?" ಎಂದಳು.

ನಗಲು ಹೋದೆ, ಆಗಲಿಲ್ಲ. ಮೇಲ್ಮನವಿ ಹಾಕಿದ್ದೇನೆ.

ಡ್ರುಸಿಲಾ


ಸ್ಕಲ್ಪಿನ್ ಕೋವ್
24 ಸೆಪ್ಟೆಂಬರ್ 1994

ಚಿರಂಜೀವಿ ಡ್ರುಸಿಲಾಳಿಗೆ ತಂದೆಯ ಆಶೀರ್ವಾದಗಳು.

ನಿನ್ನ ಲಕೋಟೆಯನ್ನು ಅಂಚೆ ಕಚೇರಿಯ ಕಟಕಟೆಯ ಮುಂದೆಯೇ ಒಡೆದೆ. ಒಡೆಯಬಾರದಿತ್ತು. ಆ ಕಾಗದದಲ್ಲಿ ನನ್ನ ವಾಕ್ಯವನ್ನು ನಾನೇ ಕಂಡೆ. ನನ್ನದೇ ಗಾಳದಲ್ಲಿ ನನ್ನದೇ ಮಗು ಸಿಕ್ಕಿರುವುದನ್ನು ಕಂಡವನಂತೆ ಸ್ತಬ್ಧನಾಗಿ ನಿಂತೆ. ಅಂಚೆಯ ವಯೋಲೆಟ್, "ಏನ್ ಹೆಜ್ ಮಾಮ, ಮೀನಿನ ಮುಳ್ಳು ನುಂಗ್ದವ್ರ ಥರ ನಿಂತ್ಬಿಟ್ರಲ್ಲ? ಯಾರಾದ್ರೂ ಹೋಗ್ಬಿಟ್ರಾ?" ಎಂದಳು.

"ಕಾನೂನು ಬದಲಾಗಿದೆಯಂತೆ" ಎಂದೆ.

"ಅಯ್ಯೋ, ಅದು ಬದಲಾಗಿ ಒಂದೂವರೆ ವರ್ಷ ಆಯ್ತು. ಊರಿನ ಬೆಕ್ಕಿಗೂ ಗೊತ್ತು."

"ನನಗೆ ಯಾರೂ ಹೇಳಲಿಲ್ಲ."

"ನಿಮ್ಗೆ ಹೇಳೋದಾ! ರೇಡಿಯೋದಲ್ಲಿ ಹವಾಮಾನ ಮುಗಿದ್ರೆ ಕಿವಿ ತಿರುಚಿ ಆರಿಸ್ಬಿಡ್ತೀರ. ಮನುಷ್ಯರು ಹೇಳೋಕ್ ಬಂದ್ರೆ ವ್ಯಾಕರಣ ತಿದ್ತೀರ. ಯಾರ್ ಮಾಮ ನಿಮ್ಗೆ ಸುದ್ದಿ ಹೇಳ್ತಾರೆ?"

ಅಂಚೆ ಚೀಟಿ ಕೊಳ್ಳಲು ನಿಂತಿದ್ದ ಇಬ್ಬರು ನಕ್ಕರು. ನನ್ನ ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ಆ ಕಟಕಟೆಯ ಮುಂದೆ ಜನ ನನ್ನನ್ನು ನೋಡಿ ನಕ್ಕದ್ದು ಇದೇ ಮೊದಲು.

ಆದರೂ ಕೈಚೆಲ್ಲಿ ಕೂರುವವನು ನಾನಲ್ಲ. ಮೇಲ್ಮನವಿ ಮಂಡಳಿಯ ಮಹನೀಯರಿಗೆ ಒಂಬತ್ತು ಪುಟಗಳ ಬಿನ್ನವತ್ತಳೆಯನ್ನು ಸಿದ್ಧಪಡಿಸಿದ್ದೇನೆ. ಆದಿಯೂ ಸಿದ್ಧ, ಅಂತ್ಯವೂ ಸಿದ್ಧ. ನಡುವೆ, ನಿನ್ನ ನಿರ್ಗಮನಕ್ಕೆ ಸಮಂಜಸವಾದ ಕಾರಣವನ್ನು ನಮೂದಿಸಬೇಕಾದೆಡೆಯಲ್ಲಿ, ಅರ್ಧ ಪುಟ ಬಿಟ್ಟಿದ್ದೇನೆ. ಈಗ ಕೇಳುವುದು ಅನಿವಾರ್ಯ. ಗಂಡಸಿನ ವಿಷಯವೇ? ಕಳವಿನ ಆರೋಪವೇ? ಮೇಸ್ತ್ರಿ ಕೈ ಮಾಡಿದನೇ? ಯಾವುದಾದರೂ ಹೇಳು, ನಾನು ಬರೆಯಬಲ್ಲೆ. ಖಾಲಿ ಜಾಗವನ್ನು ಮಾತ್ರ ಬರೆಯಲಾರೆ.

ಇತಿ ನಿನ್ನ ತಂದೆ,
ಹೆಜೆಕಾಯ ಪಾರ್ಡಿ


ಮರ್ಸರ್ ಬಂದರು
15 ಅಕ್ಟೋಬರ್ 1994

ಅಪ್ಪನಿಗೆ,

ಖಾಲಿ ಜಾಗಕ್ಕೆ ತುಂಬುವ ಮಾತು ಕೇಳಿದಿರಿ. ತಗೊಳ್ಳಿ.

ನನಗೆ ಉಸಿರಾಡಲು ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಸರ್ಕಾರ ಕಾಡ್ ಮೀನು ಹಿಡಿಯುವುದನ್ನು ನಿಲ್ಲಿಸಿದ ಮೇಲೆ ಇಲ್ಲಿ ಉಳಿದದ್ದು ಏಡಿಯೊಂದೇ. ನನ್ನನ್ನು ಹಂಡೆಗಳ ಕೋಣೆಗೆ ಹಾಕಿದರು. ಏಡಿ ಬೇಯುವ ಹಬೆ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಮೊದಲು ಕಣ್ಣು ತುರಿಸಿತು. ಆಮೇಲೆ ಮೂಗು. ಆಮೇಲೆ ಎದೆಯಲ್ಲಿ ಯಾರೋ ಕೂತು ಸೀಟಿ ಊದಿದಂತೆ. ಭಾನುವಾರ ಬಿಡುತ್ತದೆ, ಸೋಮವಾರ ಹಿಡಿಯುತ್ತದೆ. ಜೂನ್ ತಿಂಗಳಿಡೀ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದೆ. ಇದಕ್ಕೆ ಇಲ್ಲಿ ಏಡಿ ಶೀತ ಎನ್ನುತ್ತಾರೆ, ನೆಗಡಿಯ ಮಾತಾಡಿದ ಹಾಗೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದವಳಿಗೆ ಮರುದಿನದಿಂದ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ವಾರಗಳು ತುಂಬುವುದಿಲ್ಲ. ವಾರಗಳು ತುಂಬದಿದ್ದರೆ ಚಳಿಗಾಲಕ್ಕೆ ವಿಮೆಯಿಲ್ಲ.

ಮೇ ತಿಂಗಳಲ್ಲಿ ದಾದಿ ಬಂದು ಒಬ್ಬೊಬ್ಬರಿಂದಲೂ ಕೊಳವೆ ಊದಿಸಿ, ಉಸಿರೆಷ್ಟಿದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಎಲ್ಲರಿಗೂ ಬಿಳಿ ಟೋಪಿ, ಬಿಳಿ ಅಂಗಿ, ಬಾಯಿಗೆ ಬಟ್ಟೆ. ಅವಳಿಗೆ ನಾವೆಲ್ಲ ಒಂದೇ ಮುಖ. ಮರ್ಟಲಳ ಎದೆ ಕುದುರೆಯ ಎದೆ. ಈ ವರ್ಷ ಅವಳು ತನಗೆ ಒಂದು ಸಲ, ನನ್ನ ಹೆಸರು ಹೇಳಿ ಒಂದು ಸಲ, ಇನ್ನೂ ಮೂವರ ಹೆಸರಲ್ಲಿ ಊದಿದಳು. ಕೊನೆಗೆ ದಾದಿ, "ಎಂಥಾ ಗಟ್ಟಿಗಿತ್ತೀರಪ್ಪ ಈ ಕಾರ್ಖಾನೇಲಿ!" ಎಂದಳಂತೆ. ಆ ದಿನ ನಾವು ಬಿದ್ದು ಬಿದ್ದು ನಕ್ಕೆವು. ಈಗ ಆ ಪುಸ್ತಕವೇ ನನ್ನ ವಿರುದ್ಧ ಸಾಕ್ಷಿ. ಮೇ ತಿಂಗಳಲ್ಲಿ ಡ್ರುಸಿಲಾ ಪಾರ್ಡಿಯ ಉಸಿರು ಇಡೀ ಕಾರ್ಖಾನೆಯಲ್ಲೇ ಉತ್ತಮ. ಜುಲೈಯಲ್ಲಿ ಅವಳೇ ಬರೆದುಕೊಟ್ಟಿದ್ದಾಳೆ, ಪೂರ್ಣ ಆರೋಗ್ಯದಿಂದ. ಮರ್ಟಲಳ ಹೆಸರು ಹೇಳಿದರೆ ಅವಳ ಕೆಲಸವೂ ಹೋಗುತ್ತದೆ. ಹೇಳುವುದಿಲ್ಲ.

ಕಳೆದ ತಿಂಗಳು ಪಟ್ಟಣದ ಡಾಕ್ಟರರಿಗೆ ತೋರಿಸಿದೆ. ಏಡಿಯ ಹಬೆಯಿಂದಲೇ ಬಂದ ಉಬ್ಬಸ ಎಂದು ಅವರು ಬರೆದುಕೊಟ್ಟಿದ್ದಾರೆ. ಆದರೆ ಅದು ನಾನು ಕೆಲಸ ಬಿಟ್ಟ ಮೇಲಿನ ತಾರೀಕು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅಮ್ಮ ಎಂದೆ. ಅವಳ ಹಳೆಯ ಕಾಗದಪತ್ರ ಎಲ್ಲಿದ್ದರೂ ತರಿಸು, ಸಹಾಯವಾದೀತು ಎಂದರು. ಆಸ್ಪತ್ರೆಗೂ ಸರ್ಕಾರಿ ಕಚೇರಿಗಳಿಗೂ ಬರೆದು ತರಿಸಿದೆ.

ಅಮ್ಮ 1979ರಲ್ಲಿ ಕಾರ್ಮಿಕ ಪರಿಹಾರಕ್ಕೆ ಅರ್ಜಿ ಹಾಕಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಆ ಕಡತದಲ್ಲಿ ಒಂದು ಹೇಳಿಕೆಯಿದೆ. ಅಕ್ಷರ ಕಂಡ ಕೂಡಲೇ ನಿಮ್ಮದೆಂದು ಗೊತ್ತಾಯಿತು. ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ:

"ಸದರಿ ಸೆಲೀನಾ ಪಾರ್ಡಿಯ ಎದೆಯ ದೌರ್ಬಲ್ಯವು ಹುಟ್ಟಿನಿಂದ ಬಂದದ್ದಾಗಿದ್ದು, ಅದಕ್ಕೂ ಕಾರ್ಖಾನೆಯ ಹಬೆಗೂ ಲೇಶಮಾತ್ರವೂ ಸಂಬಂಧವಿರುವುದಿಲ್ಲವೆಂದು, ಅವಳ ಪತಿಯೂ ಸದರಿ ಕಾರ್ಖಾನೆಯ ಮೇಸ್ತ್ರಿಯೂ ಆದ ನಾನು ಸ್ವಸ್ಥ ಬುದ್ಧಿಯಿಂದ ಅರಿಕೆ ಮಾಡಿಕೊಳ್ಳುತ್ತೇನೆ."

ಅದೇ ಲೇಶಮಾತ್ರ. ಅದೇ ಸ್ವಸ್ಥ ಬುದ್ಧಿ. ನಿಮ್ಮ ಸಹಿಯ ಕೆಳಗೆ ಅಮ್ಮನ ಗುರುತು, ಒಂದು ಕತ್ತರಿ ಗೆರೆ.

ಅಮ್ಮನ ಎದೆ ಹುಟ್ಟಿನಿಂದ ಸರಿಯಿರಲಿಲ್ಲವೇ? ಧಕ್ಕೆಯ ಮೇಲೆ ನಿಂತು ಕೂಗಿದರೆ ಆಚೆ ದಂಡೆಯ ದೋಣಿಗೆ ಕೇಳಿಸುತ್ತಿತ್ತು ಅವಳ ಧ್ವನಿ. ನೀವೇ ಹೇಳುತ್ತಿದ್ದಿರಿ.

ನಿಮ್ಮ ಕೈಯಿಂದ ಹೊರಟ ಕಾಗದ ಒಂದೂ ತಿರಸ್ಕೃತವಾಗಿಲ್ಲ ಎಂದು ಜುಲೈಯಲ್ಲಿ ಬರೆದಿದ್ದಿರಿ. ನಿಜವೇ. ಆ ಕಾಗದವನ್ನೂ ಅವರು ನಂಬಿದರು. ತಿರಸ್ಕೃತವಾದದ್ದು ಅಮ್ಮನ ಅರ್ಜಿ.

ನವೆಂಬರ್ 22ಕ್ಕೆ ಮಂಡಳಿಯ ಮುಂದೆ ನನ್ನ ವಿಚಾರಣೆ. ನನ್ನ ಪರವಾಗಿ ಇನ್ನೊಂದು ಅಕ್ಷರವನ್ನೂ ಬರೆಯಬೇಡಿ.

ಡ್ರುಸಿಲಾ


ಅಂಚೆ ಕಚೇರಿ, ಸ್ಕಲ್ಪಿನ್ ಕೋವ್
7 ನವೆಂಬರ್ 1994

ಡ್ರು,

ನಾನು ವಯೋಲೆಟ್. ನಂಗೆ ನಿಮ್ಮಪ್ಪನ ಥರ ಬರಿಯೋಕ್ ಬರಲ್ಲ, ಮಾತಾಡೋ ಹಾಗೇ ಬರೀತೀನಿ. ನಿನ್ನ ಅಕ್ಟೋಬರ್ ಕಾಗ್ದ ನಾನೇ ಕೈಗೆ ಕೊಟ್ಟೆ. ಆವತ್ತಿಂದ ಹೆಜ್ ಮಾಮ ಇತ್ತ ಕಡೆ ಸುಳಿದಿಲ್ಲ. ಮೂರು ವಾರ ಆಯ್ತು ಕಣೇ. ಚಿಮಣೀಲಿ ಹೊಗೆ ಬರುತ್ತೆ, ಅದಕ್ಕೇ ಬದುಕಿದ್ದಾರೆ ಅಂತ ಗೊತ್ತು. ನಿನ್ನೆ ಸಾರು ತಗೊಂಡು ಹೋದೆ. ಬಾಗಿಲು ತೆಗೆದ್ರು, ಸಾರು ಇಸ್ಕೊಂಡ್ರು, ಥ್ಯಾಂಕ್ಸ್ ಕೂಡ ಹೇಳಿಲ್ಲ. ಮೇಜಿನ ಮೇಲೆ ಬರೀ ಹರಿದ ಹಾಳೆ. "ಏನ್ ಮಾಮ, ಮಹಾರಾಣಿಗೆ ಬರೀತಿದ್ದೀರಾ?" ಅಂದೆ, ತಮಾಷೆಗೆ. ನನ್ನ ಮುಖ ನೋಡಿ, "ವಯೋಲೆಟ್, ಸೆಲೀನಾ ನಿನ್ ಹತ್ರ ಯಾವತ್ತಾದ್ರೂ ನನ್ ಮೇಲೆ ದೂರು ಹೇಳಿದ್ಲಾ?" ಅಂತ ಕೇಳಿದ್ರು. ಇಲ್ಲ ಅಂದೆ. ಅದೇ ನಿಜ. "ಹೇಳ್ಬೇಕಾಗಿತ್ತು" ಅಂದ್ರು. ಬಾಗಿಲು ಹಾಕ್ಕೊಂಡ್ರು.

ನೀವಿಬ್ರೂ ಏನ್ ಬರ್ಕೊಂಡಿದ್ದೀರೋ ನಂಗೊತ್ತಿಲ್ಲ. ಲಕೋಟೆ ನಾನು ಒಡೆಯಲ್ಲ. ಆದ್ರೆ ಆ ಮನುಷ್ಯ ವ್ಯಾಕರಣ ತಿದ್ದದೆ ಮಾತಾಡಿದ್ದು ನಾನು ಹುಟ್ದಾಗಿಂದ ಕಂಡಿಲ್ಲ, ನಂಗೆ ಭಯ ಆಯ್ತು.

ವಯೋಲೆಟ್


ಸ್ಕಲ್ಪಿನ್ ಕೋವ್
14 ನವೆಂಬರ್ 1994

ಡ್ರುಸಿಲಾ,

ಬರೆಯಬೇಡವೆಂದು ನೀನು ಹೇಳಿದ್ದೆ. ಆದರೂ ಬರೆದಿದ್ದೇನೆ. ಇದರ ಜೊತೆಯಲ್ಲಿರುವ ಕಾಗದವು ಮಂಡಳಿಯವರಿಗೆ. ಅದನ್ನು ಅವರಿಗೆ ನೇರವಾಗಿ ಕಳಿಸದೆ, ಲಕೋಟೆಗೆ ಅಂಟು ಹಾಕದೆ, ನಿನ್ನ ಕೈಗೆ ಕೊಡುತ್ತಿದ್ದೇನೆ. ಕೊಡುವುದೂ ಒಲೆಗೆ ಹಾಕುವುದೂ ನಿನ್ನ ಇಚ್ಛೆ. ಒಂಬತ್ತು ಪುಟದ್ದನ್ನು ನಾನೇ ಒಲೆಗೆ ಹಾಕಿದೆ. ಇದು ಒಂದೇ ಹಾಳೆ. ಇದನ್ನು ನೋಡಿಕೊಂಡು ಬರೆಯಲು ನನ್ನ ಪುಸ್ತಕದಲ್ಲಿ ಮಾದರಿ ಇರಲಿಲ್ಲ.

ಹೆಜೆಕಾಯ ಪಾರ್ಡಿ


ಸ್ಕಲ್ಪಿನ್ ಕೋವ್
14 ನವೆಂಬರ್ 1994

ಮೇಲ್ಮನವಿ ಮಂಡಳಿಯವರಿಗೆ,

ನಾನು ಹೆಜೆಕಾಯ ಪಾರ್ಡಿ. ವಯಸ್ಸು ಎಪ್ಪತ್ತೊಂದು. ಡ್ರುಸಿಲಾ ನನ್ನ ಮಗಳು.

ಅವಳ ರಾಜೀನಾಮೆಯಲ್ಲಿರುವ ಮಾತುಗಳು ಅವಳವಲ್ಲ, ನನ್ನವು. ಅವಳು ಕೆಲಸ ಏಕೆ ಬಿಡುತ್ತಾಳೆಂದು ತಿಳಿಯದೆ ಬರೆದೆ. ಕೇಳಬೇಡವೆಂದಳು, ನಾನು ಕೇಳಲಿಲ್ಲ. ಪೂರ್ಣ ಆರೋಗ್ಯದಿಂದ ಎನ್ನುವುದು ಉಯಿಲುಗಳಲ್ಲಿ ಬರೆಯುವ ಮಾತು. ಕೇಳಲು ಚೆನ್ನಾಗಿರುತ್ತದೆಂದು ಸೇರಿಸಿದೆ. ಬೇರೆ ಕಾರಣವಿಲ್ಲ.

ದಾದಿಯ ಪುಸ್ತಕವನ್ನು ನಂಬಬೇಡಿ. ನಾನು ಹದಿನಾಲ್ಕು ವರ್ಷ ಈ ಊರಿನ ಏಡಿ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದೆ. ನಮ್ಮಲ್ಲಿಯೂ ಕೊಳವೆ ಊದಿಸುತ್ತಿದ್ದರು. ಎದೆ ಕಟ್ಟಿದವರ ಸರದಿ ಬಂದಾಗ, ಎದೆ ಸರಿಯಿದ್ದ ಹೆಂಗಸು ಅವರ ಹೆಸರು ಹೇಳಿ ಊದುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ನೋಡಿ ಸುಮ್ಮನಿದ್ದೇನೆ.

1979ರಲ್ಲಿ ನನ್ನ ಹೆಂಡತಿ ಸೆಲೀನಾಳ ಎದೆಯ ಬಗ್ಗೆ ನಾನು ಕೊಟ್ಟ ಹೇಳಿಕೆ ಸುಳ್ಳು. ಅವಳ ಎದೆ ಹುಟ್ಟಿನಿಂದ ಗಟ್ಟಿಯಾಗಿತ್ತು. ಅವಳಿಗೆ ಓದುಬರಹ ಬರುತ್ತಿರಲಿಲ್ಲ. ನನಗೆ ಅವಳು ಹೇಳಿದ್ದು ಇಷ್ಟು: "ಹಬೆ ಹೊಡ್ದು ಎದೆ ಕಟ್ಟುತ್ತೆ. ಭಾನುವಾರ ಬಿಡುತ್ತೆ, ಸೋಮವಾರ ಹಿಡಿಯುತ್ತೆ. ಅಷ್ಟೇ ಬರಿ ಹೆಜ್." ಅದಕ್ಕೂ ಮೊದಲು ವ್ಯವಸ್ಥಾಪಕರು ನನ್ನನ್ನು ಕರೆದು, "ಒಬ್ಬಳಿಗೆ ಪರಿಹಾರ ಕೊಟ್ರೆ ನಾಳೆ ನಲವತ್ತು ಜನ ಬರ್ತಾರೆ, ಕಾರ್ಖಾನೆ ಮುಚ್ಚುತ್ತೆ, ಯೋಚ್ನೆ ಮಾಡು" ಎಂದಿದ್ದರು. ನಾನು ಊರಿನ ಬಗ್ಗೆ ಯೋಚಿಸಿದೆನೆಂದು ಇಷ್ಟು ವರ್ಷ ಹೇಳಿಕೊಂಡೆ. ನನ್ನ ಮೇಸ್ತ್ರಿ ಕೆಲಸದ ಬಗ್ಗೆಯೂ ಯೋಚಿಸಿದ್ದೆ.

ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಅವಳು ಕೇಳಿ, "ಚೆನ್ನಾಗ್ ಬರ್ದಿದ್ದೀಯ ಹೆಜ್. ಇದು ಯಾರ ಎದೆ ವಿಷ್ಯ?" ಎಂದಳು. ನಾನು ಅವಳ ಕೈಗೆ ಲೇಖನಿ ಕೊಟ್ಟೆ. ಅವಳು ಗೆರೆ ಹಾಕಿದಳು. ಆಮೇಲೆ ಮೂರು ಋತು ಅದೇ ಹಬೆಯಲ್ಲಿ ದುಡಿದಳು. 1983ರ ಫೆಬ್ರವರಿಯಲ್ಲಿ ಸತ್ತಳು.

ಭಾನುವಾರ ಬಿಡುತ್ತದೆ, ಸೋಮವಾರ ಹಿಡಿಯುತ್ತದೆ ಎಂದು ಈಗ ನನ್ನ ಮಗಳು ಬರೆದಿದ್ದಾಳೆ. ಆ ಮಾತನ್ನು ಅವಳು ತಾಯಿಯಿಂದ ಕೇಳಿದವಳಲ್ಲ. ನಾನು ಯಾರಿಗೂ ಹೇಳಿರಲಿಲ್ಲ.

ಅವಳು ಸ್ವಸಂತೋಷದಿಂದ ಕೆಲಸ ಬಿಡಲಿಲ್ಲ. ಉಸಿರಾಡಲು ಬಿಟ್ಟಳು.

ಹೆಜೆಕಾಯ ಪಾರ್ಡಿ


ಮರ್ಸರ್ ಬಂದರು
3 ಡಿಸೆಂಬರ್ 1994

ಅಪ್ಪನಿಗೆ,

ಮಂಡಳಿಯ ತೀರ್ಪು ನಿನ್ನೆ ಬಂತು. ಮೂವರಲ್ಲಿ ಇಬ್ಬರು ನನ್ನ ಕಡೆ. ಭತ್ಯೆ ಕೊಡಬೇಕೆಂದು ಹೇಳಿದ್ದಾರೆ, ಅರ್ಜಿ ಹಾಕಿದ ದಿನದಿಂದ. ಚಳಿಗಾಲ ಕಳೆಯುತ್ತದೆ.

ನಡೆದದ್ದನ್ನು ನಿಮಗೆ ಹೇಳಬೇಕು. ನಿಮ್ಮ ಕಾಗದವನ್ನು ಕೊಡಬಾರದೆಂದೇ ಹೋಗಿದ್ದೆ. ಕೋಟಿನ ಜೇಬಿನಲ್ಲಿತ್ತು. ಸಮುದಾಯ ಭವನದ ಹಿಂದಿನ ಕೋಣೆ. ಒಂದು ಉದ್ದ ಮೇಜು, ಅದರ ಹಿಂದೆ ಮೂವರು. ಎಡಗಡೆ ಕೂತ ಮನುಷ್ಯ ನನ್ನ ರಾಜೀನಾಮೆಯನ್ನು ಎತ್ತಿ ಹಿಡಿದು, "ಇಷ್ಟು ಚೆನ್ನಾಗಿ ಬರೆಯೋವ್ರಿಗೆ ಉಸಿರು ಕಟ್ಟುತ್ತೆ ಅಂತ ಒಂದು ಸಾಲು ಬರೆಯೋಕೆ ಆಗ್ಲಿಲ್ವಾ ತಾಯಿ?" ಎಂದು ಕೇಳಿದ. ಆತ ಕುಹಕವಾಡಲಿಲ್ಲ, ನಿಜವಾಗಿಯೂ ಕೇಳಿದ. ಜೇಬಿಗೆ ಕೈ ಹಾಕಿದೆ.

ನಡುವೆ ಕೂತಿದ್ದ ಹೆಂಗಸು ಕಾಗದವನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ಕನ್ನಡಕ ಮನೇಲಿ ಬಿಟ್ಟು ಬಂದಿದ್ದೀನಿ, ನೀವೇ ಓದಿ" ಎಂದು ವಾಪಸ್ಸು ಕೊಟ್ಟಳು. ನಿಂತುಕೊಂಡು ಓದಿದೆ. ದಾದಿಯ ಪುಸ್ತಕದವರೆಗೆ ಚೆನ್ನಾಗಿಯೇ ಓದಿದೆ. ಅಮ್ಮನ ಮಾತು ಬಂದಾಗ ಎದೆಯೊಳಗೆ ಸೀಟಿ ಶುರುವಾಯಿತು. ಯಾರ ಎದೆ ವಿಷ್ಯ ಎಂಬಲ್ಲಿಗೆ ಬಂದು ನಿಂತುಬಿಟ್ಟೆ. ಮುಂದಿನ ಸಾಲು ಕಣ್ಣ ಮುಂದೆಯೇ ಇತ್ತು. ಅದನ್ನು ಹೇಳಲು ಗಾಳಿಯಿರಲಿಲ್ಲ. ಮೇಜು ಹಿಡಿದು ನಿಂತೆ. ಕೋಣೆಯಲ್ಲಿ ಬೇರೆ ಸದ್ದೇ ಇರಲಿಲ್ಲ ಅಪ್ಪ. ನನ್ನ ಎದೆಯದೊಂದೇ. ಅದನ್ನು ಮೂವರೂ ಕೇಳುತ್ತ ಕೂತರು. ಎಡಗಡೆಯ ಮನುಷ್ಯ ಎದ್ದು ಬಂದು ತನ್ನ ಕುರ್ಚಿಯನ್ನೇ ನನ್ನ ಹಿಂದೆ ಇಟ್ಟ. "ಸಾಕಮ್ಮ, ಕೂತ್ಕೋ" ಎಂದ.

ಉಳಿದದ್ದನ್ನು ಅವನೇ ಗಟ್ಟಿಯಾಗಿ ಓದಿದ.

ಅಮ್ಮನ ಕಡತವನ್ನು ಮತ್ತೆ ತೆರೆಯುವಂತೆ ಕೇಳಬೇಕೆಂದಿದ್ದೇನೆ. ಅದಕ್ಕೂ ನಿಮ್ಮ ಈ ಹಾಳೆಯ ಪ್ರತಿ ಬೇಕಾಗುತ್ತದೆ. ಊರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಬೇಡವೆಂದರೆ ಈಗಲೇ ಹೇಳಿ.

ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ಯಾವಾಗ ಹೋಗುತ್ತದೋ ಗೊತ್ತಿಲ್ಲ. ಹಬ್ಬಕ್ಕೆ ದೋಣಿ ನಡೆದರೆ ಬರುತ್ತೇನೆ. ಒಲೆ ಹೊಗೆಯಾಡದಂತೆ ಚಿಮಣಿ ಗುಡಿಸಿಡಿ, ನನಗೆ ಹೊಗೆ ಆಗುವುದಿಲ್ಲ.

ನೀವು ಒಲೆಗೆ ಹಾಕಿದ ಒಂಬತ್ತು ಪುಟಗಳ ಮುಂದೆ ಈ ಹಾಳೆ ಚಿಕ್ಕದು. ಆದರೂ ನನ್ನ ಉಸಿರಿಗೆ ಉದ್ದವಾಯಿತು. ಇನ್ನು ಮುಂದೆ ನನಗೆ ಇನ್ನೂ ಚಿಕ್ಕದಾಗಿ ಬರೆಯಿರಿ.

ನಿಮ್ಮ ಮಗಳು,
ಡ್ರುಸಿಲಾ


ಸ್ಕಲ್ಪಿನ್ ಕೋವ್
10 ಡಿಸೆಂಬರ್ 1994

ಡ್ರು,

ಕೊಡು. ಚಿಮಣಿ ಗುಡಿಸಿದೆ.

ಅಪ್ಪ